ಸುಳ್ಳು ಬರೆಸುವ ಖಾನೆಗಳು

ಮಂಗಳೂರು, ಉಡುಪಿ ಕಡೆಯ ಡಿ’ಸೋಜ, ಡಿ’ಸಿಲ್ವ, ಡಿ’ಮೆಲ್ಲೊ ಮನೆತನಗಳವರಿಗೆ ಆನ್‌ಲೈನ್ ಅರ್ಜಿಗಳ ಒಂದು ಕಾಟ ಚೆನ್ನಾಗಿ ಗೊತ್ತು. ಇಂಗ್ಲಿಷಿನಲ್ಲಿ ಹೆಸರು ಟೈಪ್ ಮಾಡುವಾಗ ‘ಡಿ’ ಆದ ಮೇಲೆ ಬರುವ ಅಪಾಸ್ಟ್ರಫಿ ಹಾಕಿದರೆ ಎಷ್ಟೋ ಫಾರ್ಮ್‌ಗಳು ಕೆಂಪಕ್ಷರದಲ್ಲಿ ‘ಇನ್‌ವ್ಯಾಲಿಡ್ ಕ್ಯಾರೆಕ್ಟರ್’ ಎಂದು ಗದರುತ್ತವೆ. ಹಾಗಾಗಿ ಒಂದು ದಾಖಲೆಯಲ್ಲಿ ಚಿಹ್ನೆ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ, ಮತ್ತೊಂದರಲ್ಲಿ ‘ಡಿ’ಗೂ ‘ಸೋಜ’ಕ್ಕೂ ನಡುವೆ ಜಾಗ ಬಿಟ್ಟಿರುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು ಒಂದು, ಕಂಪ್ಯೂಟರಿನಲ್ಲಿ ಮೂರು. ಮುಂದೆ ಯಾವುದೋ ಕಚೇರಿಯಲ್ಲಿ ಈ ಮೂರೂ ಒಬ್ಬರೇ ಎಂದು ಸಾಬೀತು ಮಾಡಲು ಅಫಿಡವಿಟ್ ಮಾಡಿಸಬೇಕು.

ಅಷ್ಟು ಸಣ್ಣ ಚಿಹ್ನೆಯನ್ನು ಕಂಡರೆ ಕಂಪ್ಯೂಟರಿಗೆ ಏಕೆ ಭಯ? ಕಾರಣ ಇದೆ, ಅದು ಸುಳ್ಳು ಭಯವೂ ಅಲ್ಲ. ನಾವು ಫಾರ್ಮ್‌ನಲ್ಲಿ ತುಂಬಿದ ಹೆಸರು ಡೇಟಾಬೇಸಿಗೆ ಹೋಗುವಾಗ, ಹೆಸರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ತೋರಿಸಲು ಅದರ ಎರಡೂ ಬದಿಗೆ ಇದೇ ಚಿಹ್ನೆಯನ್ನು ಹಾಕುವುದು ಹಳೆಯ ರೂಢಿ. ಹೆಸರಿನ ಹೊಟ್ಟೆಯೊಳಗೇ ಆ ಚಿಹ್ನೆ ಬಂದರೆ ‘ಡಿ’ಗೆ ಹೆಸರು ಮುಗಿಯಿತೆಂದು ಡೇಟಾಬೇಸ್ ತಿಳಿಯುತ್ತದೆ. ಉಳಿದದ್ದನ್ನು ತನಗೆ ಕೊಟ್ಟ ಆಜ್ಞೆ ಎಂದು ಓದಲು ಹೊರಡುತ್ತದೆ. ಉಳಿದದ್ದು ‘ಸೋಜ’ ಆಗಿದ್ದರೆ ಅರ್ಥವಾಗದೆ ಕೆಟ್ಟು ನಿಲ್ಲುತ್ತದೆ, ಅಷ್ಟೆ. ಕಿಡಿಗೇಡಿಯೊಬ್ಬ ಅದೇ ಜಾಗದಲ್ಲಿ ‘ಎಲ್ಲ ಗ್ರಾಹಕರ ವಿವರ ಕೊಡು’ ಎಂಬ ಅರ್ಥದ ನಿಜವಾದ ಆಜ್ಞೆಯನ್ನೇ ಬರೆದಿದ್ದರೆ, ಅದನ್ನೂ ಪಾಲಿಸುತ್ತದೆ.

ಡೇಟಾಬೇಸಿಗೆ ಆಜ್ಞೆ ಬರೆಯುವ ಭಾಷೆಯ ಹೆಸರು ಸೇರಿಸಿ ಈ ದಾಳಿಗೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುತ್ತಾರೆ. 1998ರ ಡಿಸೆಂಬರಿನಲ್ಲಿ ‘ಫ್ರ್ಯಾಕ್’ ಎಂಬ ಹ್ಯಾಕರ್‌ಗಳ ಪತ್ರಿಕೆಯಲ್ಲಿ ಜೆಫ್ ಫಾರಿಸ್ಟಲ್ ಇದನ್ನು ವಿವರಿಸಿ ಬರೆದರು. ಅದಾಗಿ ಹದಿನೇಳು ವರ್ಷಗಳ ಬಳಿಕ, 2015ರ ಅಕ್ಟೋಬರಿನಲ್ಲಿ, ಬ್ರಿಟನ್ನಿನ ಟಾಕ್‌ಟಾಕ್ ದೂರಸಂಪರ್ಕ ಕಂಪನಿಯಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರಾಹಕರ ವಿವರಗಳು ಕಳುವಾದದ್ದು ಇದೇ ದಾರಿಯಲ್ಲಿ. ಕಂಪನಿ ಕೊಂಡುಕೊಂಡಿದ್ದ ಇನ್ನೊಂದು ಸಂಸ್ಥೆಯ ಹಳೆಯ ವೆಬ್ ಪುಟಗಳು ಯಾರ ಗಮನಕ್ಕೂ ಬಾರದೆ ಉಳಿದುಕೊಂಡಿದ್ದವು, ದಾಳಿ ನಡೆದದ್ದು ಅವುಗಳ ಮೂಲಕ. ಮರುವರ್ಷ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ನಾಲ್ಕು ಲಕ್ಷ ಪೌಂಡ್ ದಂಡ ಹಾಕಿತು. ವೆಬ್ ಸುರಕ್ಷತೆಗಾಗಿ ದುಡಿಯುವ ಒವಾಸ್ಪ್ ಸಂಸ್ಥೆ ಆಗಾಗ ಹೊರತರುವ ಹತ್ತು ದೊಡ್ಡ ಅಪಾಯಗಳ ಪಟ್ಟಿಯಲ್ಲಿ 2010, 2013 ಮತ್ತು 2017ರಲ್ಲಿ ಇಂಜೆಕ್ಷನ್ ದಾಳಿಗಳಿಗೇ ಮೊದಲ ಸ್ಥಾನ.

ಇಷ್ಟಾದರೂ ಅಪಾಸ್ಟ್ರಫಿಯನ್ನು ನಿಷೇಧಿಸುವುದು ಮದ್ದಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಸರಿಯಾದ ಮದ್ದು ಪ್ರೋಗ್ರಾಮರುಗಳಿಗೆ ಎಂದೋ ಗೊತ್ತಿದೆ: ಡೇಟಾಬೇಸಿಗೆ ಆಜ್ಞೆಯನ್ನು ಬೇರೆಯಾಗಿಯೂ ಜನ ಬರೆದದ್ದನ್ನು ಬೇರೆಯಾಗಿಯೂ ಕೊಡುವುದು. ಆಗ ಹೆಸರಿನಲ್ಲಿ ಏನೇ ಇರಲಿ, ಅದು ಬರೀ ಹೆಸರಾಗಿ ಉಳಿಯುತ್ತದೆ, ಆಜ್ಞೆಯಾಗಲಾರದು. ಇವತ್ತು ಬಳಕೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಈ ಸೌಕರ್ಯವಿದೆ. ಇದ್ದೂ ಬಳಸದೆ, ಕರಾವಳಿಯ ಸಾವಿರಾರು ಜನರ ಹೆಸರನ್ನೇ ತಪ್ಪು ಎಂದು ಸಾರುವ ಫಾರ್ಮಿನಿಂದ ಹೆಸರು ಕೆಡುತ್ತದೆ. ಕಳ್ಳನಿಗೆ ಒಂದು ಬಾಗಿಲು ಮುಚ್ಚಿತು ಎಂಬುದಕ್ಕೂ ಖಾತರಿಯಿಲ್ಲ.

ಯಾಕೆಂದರೆ ಕಳ್ಳ ನಮ್ಮ ಹಾಗೆ ಖಾನೆ ಖಾನೆ ತುಂಬಿ ಸಬ್‌ಮಿಟ್ ಒತ್ತುವವನಲ್ಲ. ಕೆಂಪಕ್ಷರದ ಎಚ್ಚರಿಕೆಗಳಲ್ಲಿ ಬಹುಪಾಲು ನಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುವ ಬ್ರೌಸರಿನಲ್ಲೇ ಮೂಡುತ್ತವೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟ್ ಭಾಷೆಗೆ ಮೊದಮೊದಲು ಸಿಕ್ಕಿದ ಕೆಲಸಗಳಲ್ಲಿ ಇದೂ ಒಂದು. ಟೆಲಿಫೋನ್ ತಂತಿಯ ನಿಧಾನ ಇಂಟರ್‌ನೆಟ್ಟಿನ ಕಾಲದಲ್ಲಿ ಒಂದು ಖಾನೆ ಖಾಲಿ ಬಿಟ್ಟಿದ್ದೇವೆಂದು ತಿಳಿಯಲು ದೂರದ ಸರ್ವರಿನವರೆಗೆ ಹೋಗಿ ಬರುವುದು ತಪ್ಪಲಿ ಎಂಬುದು ಉದ್ದೇಶ. ಅದು ತುಂಬುವವರಿಗೆ ಮಾಡುವ ಉಪಕಾರ, ಕಾವಲು ಅಲ್ಲ. ಬ್ರೌಸರ್ ಇರುವುದು ಬಳಸುವವನ ಕೈಯಲ್ಲಿ. ಬಲ್ಲವನು ಆ ತಪಾಸಣೆಯನ್ನು ಆರಿಸಿಬಿಡಬಹುದು, ಫಾರ್ಮನ್ನೇ ಬಿಟ್ಟು ನೇರವಾಗಿ ಸರ್ವರಿಗೆ ಬರೆಯಲೂಬಹುದು. ಆನ್‌ಲೈನ್ ಅಂಗಡಿಗಳ ಆರಂಭದ ದಿನಗಳಲ್ಲಿ ಸಾಮಾನಿನ ಬೆಲೆಯನ್ನು ಪುಟದೊಳಗೇ ಮರೆಯಾಗಿ ಇಡುತ್ತಿದ್ದರು. ಅದನ್ನು ತಿದ್ದಿ ಸಾವಿರದ ವಸ್ತುವನ್ನು ಹತ್ತಕ್ಕೆ ಕೊಳ್ಳುವ ದಾರಿ ತೆರೆದೇ ಇತ್ತು. ಸರ್ವರಿನಲ್ಲಿ ಇನ್ನೊಮ್ಮೆ ಪರೀಕ್ಷಿಸದ ಯಾವ ಅಂಶವೂ ಪರೀಕ್ಷೆಯಾದಂತಲ್ಲ.

ಹಾಗೆಂದು ತಪಾಸಣೆಯೇ ಬೇಡವೆಂದಲ್ಲ. ಕೆಲವನ್ನು ಯಂತ್ರ ನಮಗಿಂತ ಚೆನ್ನಾಗಿ ಪರೀಕ್ಷಿಸುತ್ತದೆ. ಆಧಾರ್‌ನ ಹನ್ನೆರಡು ಅಂಕಿಗಳಲ್ಲಿ ಕೊನೆಯದು ಸುಮ್ಮನೆ ಬಂದು ಕೂತದ್ದಲ್ಲ. ಡಚ್ ಗಣಿತಜ್ಞ ಯಾಕೋಬಸ್ ವೆರ್‌ಹೂಫ್ 1969ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ, ಮೊದಲ ಹನ್ನೊಂದು ಅಂಕಿಗಳಿಂದ ಲೆಕ್ಕ ಹಾಕಿ ಅದನ್ನು ಸೇರಿಸಿರುತ್ತಾರೆ. ಯಾವುದೇ ಒಂದು ಅಂಕಿ ತಪ್ಪಾದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಲೆಕ್ಕ ಕೂಡುವುದಿಲ್ಲ. ಅವಸರದಲ್ಲಿ 47ನ್ನು 74 ಎಂದು ಒತ್ತಿದವರ ತಪ್ಪು ಆ ಕ್ಷಣವೇ ಗೊತ್ತಾಗುತ್ತದೆ. ಬ್ಯಾಂಕ್ ಕಾರ್ಡುಗಳಲ್ಲಿ ಐಬಿಎಮ್‌ನ ಹ್ಯಾನ್ಸ್ ಪೀಟರ್ ಲೂನ್ ಕಂಡುಹಿಡಿದ ಇನ್ನೊಂದು ಸೂತ್ರವಿದೆ. ಐಎಫ್‌ಎಸ್‌ಸಿ ಕೋಡಿನ ಹನ್ನೊಂದು ಸ್ಥಾನಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ‘ಓ’ ಅಕ್ಷರ ಒತ್ತಿದವರನ್ನು ಫಾರ್ಮ್ ತಡೆದರೆ ಅದು ನಿಜವಾದ ಸಹಾಯ. ಇವೆಲ್ಲ ಮನುಷ್ಯರು ನಿಯಮ ಹಾಕಿ ಹುಟ್ಟಿಸಿದ ಸಂಖ್ಯೆಗಳು. ನಿಯಮ ಮೊದಲೇ ಇರುವುದರಿಂದ ಅದರಂತೆ ಪರೀಕ್ಷಿಸುವುದು ನ್ಯಾಯ.

ಹೆಸರು ಹಾಗೆ ಹುಟ್ಟಿದ್ದಲ್ಲ. ನಮ್ಮ ಇಬ್ಬರು ಮಹಾಕವಿಗಳ ಹೆಸರನ್ನೇ ತೆಗೆದುಕೊಳ್ಳಿ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ: ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು. ಫಸ್ಟ್, ಮಿಡಲ್, ಲಾಸ್ಟ್ ಎಂಬ ಮೂರು ಖಾನೆಗಳಿಗೆ ಅಳತೆ ತೆಗೆದು ಹೊಲಿದಂತಿದೆ. ಇನ್ನು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ತಂದೆ, ಕೊನೆಗೆ ತಾನು. ಅವೇ ಮೂರು ಖಾನೆಗಳಲ್ಲಿ ತುಂಬಿದರೆ ಊರು ವ್ಯಕ್ತಿಯಾಗುತ್ತದೆ, ವ್ಯಕ್ತಿ ಮನೆತನವಾಗುತ್ತಾನೆ. ‘ಕೆ.ವಿ.’ ಎಂದು ಇನಿಷಿಯಲ್ ಹಾಕಿದರೆ ಚುಕ್ಕೆ ಬೇಡ, ಕನಿಷ್ಠ ಮೂರು ಅಕ್ಷರ ಬೇಕು ಎಂಬ ತಕರಾರು. ಹಳೆ ಮೈಸೂರಿನ ಕಡೆ ಅಪ್ಪನ ಹೆಸರಿನ ಮೊದಲಕ್ಷರ ಬಿಟ್ಟರೆ ಬೇರೇನೂ ಇಲ್ಲದವರು ಮನೆಮನೆಯಲ್ಲಿದ್ದಾರೆ. ಕೆಂಪಮ್ಮ, ಸಿದ್ದಯ್ಯ ಎಂಬ ಒಂದೇ ಹೆಸರಿನಲ್ಲಿ ಬದುಕು ಕಳೆದ ಹಿರಿಯರೂ ಇದ್ದಾರೆ. ಅವರ ಮುಂದೆ ‘ಲಾಸ್ಟ್ ನೇಮ್ ಕಡ್ಡಾಯ’ ಎಂಬ ನಕ್ಷತ್ರ ಚಿಹ್ನೆ ಬಂದು ನಿಂತರೆ ಸೈಬರ್ ಸೆಂಟರಿನ ಹುಡುಗ ಏನು ಮಾಡಬೇಕು? ಹೆಸರನ್ನೇ ಎರಡು ಸಲ ಬರೆಯುತ್ತಾನೆ, ಇಲ್ಲವೇ ಒಂದು ಚುಕ್ಕೆ ಇಡುತ್ತಾನೆ, ಇಲ್ಲವೇ ಊರಿನ ಹೆಸರು ಸೇರಿಸುತ್ತಾನೆ.

ಇದು ನಮ್ಮ ದೇಶದಲ್ಲೇ ಮುಗಿಯುವ ಗೋಳಲ್ಲ. ‘ಗಿವನ್ ನೇಮ್’ ಜಾಗ ಖಾಲಿ ಇರುವ ಪಾಸ್‌ಪೋರ್ಟಿನವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಮುದ್ರಿಸುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳಿಗೆ ಪ್ರವೇಶವಿಲ್ಲ ಎಂದಿತು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು ಎಂಬ ಸ್ಪಷ್ಟನೆ ಆಮೇಲೆ ಬಂತು. ಅದೇ ಯುಎಇಯಲ್ಲಿ ಪಿನ್‌ಕೋಡಿನ ವ್ಯವಸ್ಥೆಯೇ ಇಲ್ಲ. ಪಿನ್‌ಕೋಡ್ ಕೊಡದೆ ಮುಂದಕ್ಕೆ ಬಿಡದ ಫಾರ್ಮ್ ಎದುರಾದಾಗ ದುಬೈನಲ್ಲಿರುವ ಕನ್ನಡಿಗರು ಸೊನ್ನೆಗಳ ಸಾಲನ್ನು ಒತ್ತಿ ಪಾರಾಗುತ್ತಾರೆ.

ಕನ್ನಡದಲ್ಲೇ ಹೆಸರು ತುಂಬಲು ಹೊರಟರೆ ಇನ್ನೊಂದು ಸೋಜಿಗ. ಹೆಸರಿನಲ್ಲಿ ‘ಅಕ್ಷರಗಳು ಮಾತ್ರ’ ಇರಬೇಕು ಎಂಬ ನಿಯಮವನ್ನು ಬಹಳ ಮಂದಿ ಇಂಗ್ಲಿಷಿನ ಎ ಯಿಂದ ಜೆಡ್‌ಗೆ ನಿಲ್ಲಿಸುತ್ತಾರೆ. ಎಲ್ಲ ಲಿಪಿಗಳಿಗೂ ಅವಕಾಶ ಕೊಡಬೇಕೆಂದು ಯುನಿಕೋಡಿನ ‘ಅಕ್ಷರ’ ವರ್ಗವನ್ನು ಬಳಸಿದವರೂ ಎಡವುತ್ತಾರೆ. ಆ ವರ್ಗದಲ್ಲಿ ನಮ್ಮ ಕ, ಖ, ಗ ಇವೆ. ಗುಣಿತದ ಚಿಹ್ನೆ, ಸೊನ್ನೆ, ಒತ್ತಕ್ಷರ ಕೊಡುವ ಹಲಂತ ಇವನ್ನು ಅಕ್ಷರವೆಂದಲ್ಲ, ಗುರುತು ಎಂದು ಬೇರೆ ವರ್ಗದಲ್ಲಿ ಇಟ್ಟಿದ್ದಾರೆ. ಹಾಗಾಗಿ ‘ಕಮಲ’ ಪಾಸ್, ‘ಗಂಗಮ್ಮ’ ಫೇಲ್. ಉದ್ದದ ಲೆಕ್ಕವೂ ಹೀಗೆಯೇ. ‘ಸ್ತ್ರೀ’ ನಮಗೆ ಒಂದಕ್ಷರ, ಕಂಪ್ಯೂಟರಿಗೆ ಆರು ಸಂಕೇತ. ಇಪ್ಪತ್ತಕ್ಷರ ಸಾಕು ಎಂದು ಮಿತಿ ಹಾಕಿದವರು ನಮ್ಮ ಹೆಸರನ್ನು ಅರ್ಧಕ್ಕೇ ಕತ್ತರಿಸುತ್ತಾರೆ. ‘ರ‍್ಯಾಂಕ್’ ಎಂದು ಬರೆಯಲು ಕಣ್ಣಿಗೆ ಕಾಣದ ಒಂದು ಜೋಡುಸಂಕೇತ ಬೇಕು. ಕಾಣದ್ದೆಲ್ಲ ಕಸ ಎಂದು ಗುಡಿಸಿದರೆ ಅದು ಅರ್ಕಾವೊತ್ತು ಹೊತ್ತ ‘ರ್ಯಾಂಕ್’ ಆಗುತ್ತದೆ. ಕರ್ನಾಟಕದ ಅರ್ಜಿಯಲ್ಲಿ ಕನ್ನಡದ ಅಂಕಿಯಲ್ಲಿ ಬರೆದ ಮೊಬೈಲ್ ನಂಬರನ್ನು ‘ಅಂಕಿಯೇ ಅಲ್ಲ’ ಎನ್ನುವ ತಂತ್ರಾಂಶದ ಬಗ್ಗೆ ಏನು ಹೇಳುವುದು?

ಇಷ್ಟಕ್ಕೂ ಹೆದರಬೇಕಾದದ್ದು ಅರ್ಜಿ ತಿರಸ್ಕಾರವಾಗುವುದಕ್ಕಲ್ಲ, ಸುಳ್ಳು ತುಂಬಿ ಸ್ವೀಕಾರವಾಗುವುದಕ್ಕೆ. ಹುಟ್ಟಿದ ದಿನ ಗೊತ್ತಿಲ್ಲದ ಅಜ್ಜಿಗೆ ‘ಗೊತ್ತಿಲ್ಲ’ ಎನ್ನುವ ಆಯ್ಕೆ ಕೊಡದ ಫಾರ್ಮ್ ಜನವರಿ ಒಂದನ್ನು ಹುಟ್ಟಿದ ದಿನ ಮಾಡುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ ಒಂದು ಈ ನಾಡಿನಲ್ಲಿ ಎಷ್ಟು ಮಂದಿಯ ಜನ್ಮದಿನವಾಗಿದೆ ಎಂಬುದು ನಮಗೆಲ್ಲ ಗೊತ್ತು. ಆಗ ಮೇಷ್ಟ್ರಾದರೂ ಮನುಷ್ಯರು, ಕೇಳಿ ತಿದ್ದಿಸಬಹುದಿತ್ತು. ಈಗ ಚುಕ್ಕೆಯ ಸರ್‌ನೇಮ್, ಒಂಬತ್ತೇ ಒಂಬತ್ತರ ಫೋನ್ ನಂಬರ್, ಜನವರಿ ಒಂದರ ಹುಟ್ಟುಹಬ್ಬ ಎಲ್ಲವೂ ‘ಸರಿಯಾಗಿದೆ’ ಎಂಬ ಹಸಿರು ಟಿಕ್ ಪಡೆದು ಡೇಟಾಬೇಸ್ ಸೇರುತ್ತವೆ. ಪಿಂಚಣಿ, ವಿದ್ಯಾರ್ಥಿವೇತನ, ಪಿಎಫ್ ಹಣ ಇವು ಎರಡು ದಾಖಲೆಗಳ ಹೆಸರು ತಾಳೆಯಾಗಲಿಲ್ಲ ಎಂದು ನಿಂತಾಗ ಅಲೆಯುವವರು ಫಾರ್ಮ್ ಮಾಡಿದವರಲ್ಲ, ತುಂಬಿದವರು. ನಿಜವನ್ನು ಒಪ್ಪದ ಖಾನೆ ಪ್ರಾಮಾಣಿಕರಿಂದಲೂ ಸುಳ್ಳು ಬರೆಸುತ್ತದೆ. ಆಮೇಲೆ ಆ ಸುಳ್ಳಿಗೆ ಅವರನ್ನೇ ಹೊಣೆ ಮಾಡುತ್ತದೆ.

ಫಾರ್ಮ್ ರೂಪಿಸುವ ಎಂಜಿನಿಯರುಗಳಿಗೆ, ಅದಕ್ಕೆ ಸಹಿ ಹಾಕುವ ಅಧಿಕಾರಿಗಳಿಗೆ ಒಂದು ಮನವಿ. ಸಂಖ್ಯೆಗಳನ್ನು ಎಷ್ಟು ಬೇಕಾದರೂ ಬಿಗಿಯಾಗಿ ಪರೀಕ್ಷಿಸಿ, ಆ ಪರೀಕ್ಷೆ ಸರ್ವರಿನಲ್ಲೂ ನಡೆಯಲಿ. ಹೆಸರಿಗೆ ಒಂದೇ ಖಾನೆ ಕೊಡಿ, ಜನ ಬರೆದದ್ದನ್ನು ಹಾಗೆಯೇ ಸ್ವೀಕರಿಸಿ. ಫೋನ್ ನಂಬರಿನ ನಡುವೆ ಜಾಗ ಬಿಟ್ಟರೆ ಗದರಬೇಡಿ, ಆ ಜಾಗವನ್ನು ನಿಮ್ಮ ತಂತ್ರಾಂಶವೇ ತೆಗೆಯಲಿ. ತಪ್ಪಾಗಿದ್ದರೆ ಯಾವ ಖಾನೆಯಲ್ಲಿ, ಏನು ತಪ್ಪು, ಹೇಗೆ ಬರೆದರೆ ಸರಿ ಎಂಬುದನ್ನು ಕನ್ನಡದಲ್ಲಿ ಹೇಳಿ. ಒಂದು ತಪ್ಪಿಗೆ ಉಳಿದ ಇಪ್ಪತ್ತು ಖಾನೆಗಳನ್ನು ಅಳಿಸಿಹಾಕಬೇಡಿ. ನಕ್ಷತ್ರ ಚಿಹ್ನೆ ಇಡುವ ಮುನ್ನ, ಈ ಪ್ರಶ್ನೆಗೆ ಉತ್ತರವೇ ಇಲ್ಲದವರು ನಮ್ಮ ನಾಡಿನಲ್ಲಿದ್ದಾರೆಯೇ ಎಂದು ಒಮ್ಮೆ ಯೋಚಿಸಿ.

ತುಂಬುವವರಾದ ನಮಗೂ ಒಂದು ಮಾತು. ನಿಮ್ಮ ಹೆಸರನ್ನು ಫಾರ್ಮ್ ಒಪ್ಪದಿದ್ದರೆ ತಪ್ಪು ನಿಮ್ಮ ಹೆಸರಿನದಲ್ಲ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಸಹಾಯವಾಣಿಗೆ, ಇಲಾಖೆಗೆ ದೂರು ಕಳಿಸಿ. ನಿಮ್ಮನ್ನು ತಡೆದ ನಿಯಮ ಯಾರೋ ಒಬ್ಬರು ಕೂತು ಬರೆದ ಒಂದೆರಡು ಸಾಲಿನ ಕೋಡ್. ಅದನ್ನು ತಿದ್ದಲು ಬರುತ್ತದೆ.