ಹಗ್ಗದ ಬೆಲೆ

ನುಲಿಯ ಚಂದಯ್ಯನು ಹುಲ್ಲು ಕೊಯ್ದು, ಹಗ್ಗ ಹೊಸೆದು, ಅದನ್ನು ಮಾರಿ ಬಂದ ಹಣದಿಂದ ಜಂಗಮದಾಸೋಹ ನಡೆಸಿದ ಶರಣನೆಂಬುದು ಭಕ್ತರೆಲ್ಲ ಬಲ್ಲ ಸಂಗತಿ. ಆ ಹಗ್ಗಕ್ಕೆ ಯೋಗ್ಯ ಬೆಲೆಯನ್ನು ಮೀರಿದ ಹೊನ್ನು ಬಂದಾಗ ಅವನು ಹಿಗ್ಗಲಿಲ್ಲ, ಒಲ್ಲೆನೆಂದನು ಎಂದು ಶರಣರ ಕಥೆ ಹೇಳುತ್ತದೆ. ಏಕೆ ಒಲ್ಲದಾದನು? ಹಗ್ಗಕ್ಕೆ ತಕ್ಕುದು ಕಾಯಕದ ಫಲ. ಅದಕ್ಕೆ ಮಿಗಿಲಾದುದು ಕೊಡುವವನ ಔದಾರ್ಯ. ಪರರ ಔದಾರ್ಯವನ್ನು ಎತ್ತಿ ಬಡಿಸಿದರೆ ಅದು ಚಂದಯ್ಯನ ದಾಸೋಹವಾಗುವುದೆಂತು?

ಅಂಗವಿಕಲರ ವಿಷಯದಲ್ಲಿ ಈ ಕಥೆಯನ್ನು ನೆನೆಯುವವರು ವಿರಳ. ಸದ್ಗೃಹಸ್ಥರು ಜಾತ್ರೆಯ ದಿನ ಕಣ್ಣಿಲ್ಲದವನ ತಟ್ಟೆಗೆ ನಾಣ್ಯ ಹಾಕುತ್ತಾರೆ, ಕಾಲಿಲ್ಲದವನಿಗೆ ಮೊದಲ ಪಂಕ್ತಿಯಲ್ಲಿ ಪ್ರಸಾದ ಬಡಿಸುತ್ತಾರೆ. ಒಳ್ಳೆಯದೇ. ಆದರೆ ಎಳವೆಯಿಂದಲೂ ಕೈಯೊಡ್ಡುವುದನ್ನೇ ಕಲಿತವನಿಗೆ ಕೊಡುವ ಸುಖ ದೊರೆಯುವುದು ಎಂದು? ಕಾಯಕವಿಲ್ಲದವನಿಗೆ ದಾಸೋಹವೂ ಇಲ್ಲ. ಅನ್ನವಿಕ್ಕಿ ಕೆಲಸ ಕಲಿಸದಿದ್ದರೆ ಧರ್ಮದ ಅರ್ಧವನ್ನು ಅವನಿಂದ ಕಸಿದುಕೊಂಡಂತಾಯಿತು.

ಬೆಂಗಳೂರಿನಲ್ಲಿ ಇದನ್ನರಿತು ನಡೆದವರುಂಟು. ಸ್ವತಃ ಅಂಗವಿಕಲರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಸ್ಥಾಪಿಸಿದ, ಎ.ಪಿ.ಡಿ. ಎಂದು ಪರಿಚಿತವಾದ ಸಂಸ್ಥೆಯು ದಂಡು ಪ್ರದೇಶದಾಚೆಯ ಲಿಂಗರಾಜಪುರದಲ್ಲಿ ನೆಲೆಸಿದೆ. ಇಂದಿರಾನಗರದ ನೆರೆಯ ಜೀವನಬಿಮಾನಗರದಲ್ಲಿ ಅದೇ ಸಂಸ್ಥೆ ತೋಟಗಾರಿಕೆಯನ್ನು ಕಲಿಸುತ್ತದೆ. ಮಣ್ಣು ಹದಮಾಡುವುದು, ಬೀಜ ಬಿತ್ತುವುದು, ಸಸಿಯನ್ನು ಬೇರು ಹರಿಯದಂತೆ ಕುಂಡಕ್ಕೆ ಇಳಿಸುವುದು, ಇವೆಲ್ಲ ಕೈಗೆ ಹತ್ತಬೇಕಾದ ವಿದ್ಯೆ. ಮಾತಿಗಿಂತ ಅಭ್ಯಾಸದಿಂದ ಬರುವಂಥದು. ಇಂಥ ಕಡೆ ಗಿಡ ಕೊಳ್ಳಲು ಹೋಗುವ ಗೃಹಸ್ಥನು ಚಂದಯ್ಯನನ್ನು ನೆನೆಯಲಿ. ಗಿಡ ಚೆನ್ನಾಗಿದ್ದರೆ ಸರಿಯಾದ ಬೆಲೆಗೆ ಕೊಳ್ಳಲಿ. ಬೇರು ಕೊಳೆತಿದ್ದರೆ ಬೇಡವೆನ್ನಲಿ. ಮರುಕದಿಂದ ಕೊಂಡ ಕೊಳೆತ ಗಿಡವು ಅದನ್ನು ಬೆಳೆಸಿದ ಕೈಯನ್ನು ತಿದ್ದಲಾರದು.

ಕಾನೂನಿನ ಬೆಂಬಲವೂ ಇದೆ. 1961ರ ಶಿಶಿಕ್ಷು ಕಾಯಿದೆ ಕೆಲಸ ಕಲಿಯುವ ಅಭ್ಯರ್ಥಿಗೆ ಭತ್ಯೆ ಸಲ್ಲಬೇಕೆನ್ನುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸರ್ಕಾರಿ ಹುದ್ದೆಗಳಲ್ಲಿ ಶೇಕಡ 4ನ್ನು ಕಾದಿರಿಸಿತು. ಖಾಸಗಿಯವರಿಗಾದರೋ ಅಂಥ ಕಡ್ಡಾಯವಿಲ್ಲ. ಶೇಕಡ 5ರಷ್ಟು ಮಂದಿ ಅಂಗವಿಕಲರಿರುವಂತೆ ಪ್ರೋತ್ಸಾಹ ಕೊಡಬೇಕೆಂದಷ್ಟೇ ಅದರ ಮಾತು. ಅಲ್ಲಿಂದ ಮುಂದಿನದು ಅಂಗಡಿಯ ಯಜಮಾನನ ಮನಸ್ಸಿಗೆ ಬಿಟ್ಟದ್ದು.

ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಟೆಲಿಫೋನ್ ಕಾರ್ಖಾನೆ ಹುಟ್ಟಿದ ಕಾಲ ಬೇರೆ. ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಮುಚ್ಚಿ ಎರಡು ದಶಕ ಕಳೆದಿವೆ. ಈಗ ಬಡವರ ಮಕ್ಕಳು ಕೆಲಸ ಕಲಿಯಲು ಶಿವಾಜಿನಗರದ, ಹಲಸೂರಿನ ಸಣ್ಣ ಅಂಗಡಿಗಳನ್ನೂ ನೆಚ್ಚಬೇಕು. ಅಲ್ಲಿ ಯಜಮಾನನ ಆಕ್ಷೇಪಣೆ ಒಂದೇ: ಇಂಥವನಿಂದ ಕೆಲಸ ತಡವಾಗುತ್ತದೆ. ಮೊದಲ ಕೆಲವು ತಿಂಗಳು ಆದೀತು. ಹೊಸದಾಗಿ ಸೇರಿದ ಯಾವ ಹುಡುಗನಿಂದ ಆಗುವುದಿಲ್ಲ? ಕಿವಿ ಕೇಳದವನಿಗೆ ಕೂಗಿ ಹೇಳುವ ಬದಲು ಮಾಡಿ ತೋರಿಸಬೇಕು. ನಿಲ್ಲಲಾರದವನಿಗೆ ಎತ್ತರದ ಪೀಠ ಬೇಕು. ಬಾಗಿಲ ಮೆಟ್ಟಿಲಿಗೆ ಓರೆಯಾಗಿ ಒಂದು ಗಟ್ಟಿ ಹಲಗೆ ಬೇಕು. ಕೆಲಸ ಕಲಿತ ಮೇಲೆ, ಬೇರೆಡೆ ಹೋಗಲಾರನೆಂದು ಬಗೆದು ಕೂಲಿ ಕಡಿಮೆ ಮಾಡುವುದು ಕಳವಿಗೆ ಸಮಾನ.

ಇನ್ನು ಮನೆಯ ಮಾತು. ನೆಂಟರು ಬಂದಾಗ ಕುಂಟುವ ಮಗಳನ್ನು ಒಳಕೋಣೆಗೆ ಕಳುಹಿಸುವ ತಾಯಿ ಪ್ರೀತಿಯಿಲ್ಲದವಳಲ್ಲ, ಲೋಕಕ್ಕೆ ಅಂಜಿದವಳು. ಆ ಮಗಳು ಹೊಲಿಗೆಯನ್ನೋ ಲೆಕ್ಕಪತ್ರವನ್ನೋ ಕಲಿತು, ಮೊದಲ ಸಂಬಳದ ಅಕ್ಕಿಯಿಂದ ಜಂಗಮರಿಗೆ ತಾನೇ ಬಡಿಸುವೆನೆಂದು ಮುಂದೆ ಬಂದರೆ, ತಾಯಿ ಅವಳ ಕೈಯಿಂದ ಸೌಟನ್ನು ತೆಗೆದುಕೊಳ್ಳದಿರಲಿ.