ಗೆಲ್ಲಬೇಕಾದುದು ಯಾರನ್ನು?

ಗೋವೆಯ ಗಡಿಭಾಗದ ಮೊಲೆಂನಲ್ಲಿರುವ ಅಭಯಾರಣ್ಯವು ಭಗವಾನ್ ಮಹಾವೀರರ ಹೆಸರನ್ನು ಹೊತ್ತಿದೆ. ರಣರಂಗದಲ್ಲಿ ಯಾರನ್ನೂ ಸೋಲಿಸದವರು ಮಹಾವೀರರೆನಿಸಿದುದು ತಮ್ಮನ್ನು ತಾವೇ ಗೆದ್ದುದರಿಂದ. ಇದೇ ಗೋವೆಯು 2012ರಲ್ಲಿ ಫುಟ್‌ಬಾಲನ್ನು ರಾಜ್ಯಕ್ರೀಡೆಯೆಂದು ಘೋಷಿಸಿತು. ಹಾಗಾದರೆ ಅಹಿಂಸೆಯನ್ನು ನಂಬಿದವನು ಸ್ಪರ್ಧೆಯನ್ನು ಹೇಗೆ ಕಾಣಬೇಕು?

ಎದುರು ಹನ್ನೊಂದು ಮಂದಿ ನಿಲ್ಲದಿದ್ದರೆ ಪಂದ್ಯವೇ ಇಲ್ಲ. ಆದುದರಿಂದ ಎದುರಾಳಿಯು ವೈರಿಯಲ್ಲ, ಆಟಗಾರನ ಶಕ್ತಿಯನ್ನು ಹೊರತರುವ ಉಪಕಾರಿ. ವ್ಯಾಪಾರದಲ್ಲಿಯೂ ಎದುರಂಗಡಿಯಿದ್ದರೆ ತಕ್ಕಡಿ ನೇರವಾಗಿರುತ್ತದೆ.

ಕೇಡು ಇರುವುದು ಸ್ಪರ್ಧೆಯಲ್ಲಲ್ಲ, ಕಷಾಯಗಳಲ್ಲಿ. 2006ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಮೊದಲ ಗೋಲು ಹೊಡೆದವರು ಫ್ರಾನ್ಸಿನ ನಾಯಕ ಜಿದಾನ್. ಕೊನೆಗೆ ಎದುರಾಳಿಯ ಮಾತಿಗೆ ಕೆರಳಿ, ಅವನ ಎದೆಗೆ ತಲೆಯಿಂದ ಗುದ್ದಿ, ಕೆಂಪು ಕಾರ್ಡ್ ಪಡೆದು ಹೊರನಡೆದವರೂ ಅವರೇ. ಜಗತ್ತನ್ನು ಗೆದ್ದ ಆಟಗಾರನಿಗೆ ಒಂದು ಕ್ಷಣದ ಕ್ರೋಧವನ್ನು ಗೆಲ್ಲಲಾಗಲಿಲ್ಲ.

ಪಂಪನ ಆದಿಪುರಾಣದ ಭರತ-ಬಾಹುಬಲಿಯರ ಕಥೆಯೂ ಇದನ್ನೇ ಸಾರುತ್ತದೆ. ಸೈನಿಕರ ರಕ್ತ ಹರಿಯಬಾರದೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಡೆದವು. ಮೂರರಲ್ಲಿಯೂ ಸೋತ ಭರತನು ನಿಯಮ ಮೀರಿ ಚಕ್ರವನ್ನು ಪ್ರಯೋಗಿಸಿದನು. ಗೆದ್ದ ಬಾಹುಬಲಿಯು ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತನು. ಆದರೂ ಮನಸ್ಸಿನ ಶಲ್ಯ ಕಳೆಯುವವರೆಗೆ ಕೇವಲಜ್ಞಾನವಾಗಲಿಲ್ಲ. ಅಣ್ಣನನ್ನು ಗೆಲ್ಲುವುದಕ್ಕಿಂತ ಅದು ಕಠಿಣವಾಗಿತ್ತು.

ಮಕ್ಕಳು ಮೈದಾನದಿಂದ ಮನೆಗೆ ಬಂದಾಗ ಹಿರಿಯರು ಮೊದಲು ಕೇಳುವುದು, "ಗೆದ್ದೆಯಾ?" ಎಂದು. "ಕೋಪ ಬಂದಾಗ ತಡೆದುಕೊಂಡೆಯಾ? ಸೋತವನ ಕೈ ಕುಲುಕಿದೆಯಾ?" ಎಂದೂ ಕೇಳಲಿ. ಆ ಗೆಲುವನ್ನು ಯಾವ ಎದುರಾಳಿಯೂ ಕಸಿಯಲಾರನು.

ಜೈ ಜಿನೇಂದ್ರ.