ಶರಶಯ್ಯೆಯ ಬಳಿ ಪಾರ್ಥ



ವಿಜಯದಶಮಿಯಂದು ಬನ್ನಿಯನ್ನು ಹಂಚುವಾಗ ನಾವು ಪಾರ್ಥನ ಗಾಂಡೀವವನ್ನು ನೆನೆಯುತ್ತೇವೆ. ಆ ಬಿಲ್ಲು ಗಳಿಸಿದ ಜಯಗಳು ಎಲ್ಲರಿಗೂ ತಿಳಿದವೇ. ಅದು ಸಲ್ಲಿಸಿದ ಸೇವೆಯೊಂದನ್ನು ಇಂದು ಸ್ಮರಿಸೋಣ.

ಕುರುಕ್ಷೇತ್ರದ ಹತ್ತನೆಯ ದಿನ ಭೀಷ್ಮ ಪಿತಾಮಹರು ಶರಶಯ್ಯೆಯಲ್ಲಿ ಒರಗಿದರು. ಜೋತುಬಿದ್ದ ತಲೆಗೆ ದಿಂಬು ಬೇಕೆಂದಾಗ ಅರಸರು ನಯವಾದ ದಿಂಬುಗಳನ್ನು ತಂದರು, ಅವು ಸಲ್ಲಲಿಲ್ಲ. ಅಪ್ಪಣೆಯೇನೆಂದು ಕೇಳಿ ತಿಳಿದ ಅರ್ಜುನನು ಮೂರು ಬಾಣಗಳಿಂದ ತಲೆಗೆ ಆಸರೆ ಕೊಟ್ಟನು. ಬಾಣಗಳನ್ನು ಕೀಳಲು ದುರ್ಯೋಧನನು ಕರೆತಂದ ವೈದ್ಯರನ್ನು ಪಿತಾಮಹರು ಸತ್ಕರಿಸಿ ಕಳುಹಿಸಿದರು. ಮರುದಿನ ಬಾಯಾರಿದಾಗ ಅರ್ಜುನನ ಬಾಣವೇ ನೆಲದಿಂದ ನೀರು ಚಿಮ್ಮಿಸಿತು.

ಇಲ್ಲಿನ ಧರ್ಮಸೂಕ್ಷ್ಮವನ್ನು ಗಮನಿಸಬೇಕು. ಪಿತಾಮಹರು ಬೇಡವೆಂದದ್ದು ಬಾಣ ಕೀಳುವ ಚಿಕಿತ್ಸೆಯನ್ನು. ದಿಂಬನ್ನಲ್ಲ, ನೀರನ್ನಲ್ಲ, ಬಂಧುಗಳ ಸಾನ್ನಿಧ್ಯವನ್ನಲ್ಲ. ಗುಣವಾಗದೆಂದು ತಿಳಿದಾಗ ಮುಗಿಯುವುದು ಚಿಕಿತ್ಸೆಯ ಒಂದು ಬಗೆ ಮಾತ್ರ, ಶುಶ್ರೂಷೆ ಮುಗಿಯುವುದಿಲ್ಲ. ಆ ಶಯ್ಯೆಯ ಮೇಲೆ ಕಳೆದ 58 ರಾತ್ರಿಗಳ ಅವಧಿಯಲ್ಲಿಯೇ ಧರ್ಮರಾಯನಿಗೆ ರಾಜಧರ್ಮದ, ಮೋಕ್ಷಧರ್ಮದ ಉಪದೇಶ ದೊರೆಯಿತು.

ಇದನ್ನೇ ಇಂದಿನ ವೈದ್ಯಶಾಸ್ತ್ರವು ಉಪಶಾಮಕ ಚಿಕಿತ್ಸೆ ಎನ್ನುತ್ತದೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೊಫರ್ಸ್ ಶುಶ್ರೂಷಾಗೃಹವನ್ನು ತೆರೆದ ಸಿಸಿಲಿ ಸಾಂಡರ್ಸ್ ಅವರು ದೇಹ, ಮನಸ್ಸು, ಸಂಸಾರ, ಆತ್ಮ ಇವೆಲ್ಲದರ ನೋವು ಒಂದೇ ಎಂದು ಬಗೆದರು. ನಮ್ಮ ಮುಂಬಯಿಯ ಬಾಂದ್ರಾದಲ್ಲಿ 1986ರಲ್ಲಿ ಶಾಂತಿ ಅವೇದನಾ ಸದನವೂ, ಬೆಂಗಳೂರಿನಲ್ಲಿ 1999ರಲ್ಲಿ ಕರುಣಾಶ್ರಯವೂ ಕ್ಯಾನ್ಸರ್ ರೋಗಿಗಳಿಗೆ ಬಾಗಿಲು ತೆರೆದವು. ತಜ್ಞವೈದ್ಯರು ನೋವಿಗೆ ತಕ್ಕಷ್ಟು ಕೊಡುವ ಮಾರ್ಫಿನ್ ಮರಣವನ್ನು ಕರೆತರುವ ಮದ್ದಲ್ಲ, ನೋವನ್ನು ತಣಿಸುವ ಮದ್ದು.

ಆದರೂ ನಗರವಾಸಿಗಳಾದ ನಮ್ಮ ಮನಸ್ಸು ಅಳುಕುತ್ತದೆ. ಕೊಳವೆಗಳನ್ನು ಬೇಡವೆಂದರೆ ಮಾತಾಪಿತೃಗಳನ್ನು ಕೈಬಿಟ್ಟಂತಾದೀತೇ? ಊರಿನವರು ಏನೆಂದಾರು? ಈ ಅಳುಕಿನಲ್ಲಿ ಹಿರಿಯರನ್ನು ಒಂದು ಮಾತೂ ಕೇಳದೆ, ಗಾಜಿನ ಬಾಗಿಲಿನಾಚೆ ಒಂಟಿಯಾಗಿ ಮಲಗಿಸುತ್ತೇವೆ. ಅದು ನಯವಾದ ದಿಂಬನ್ನು ಹೊತ್ತುತಂದ ಅರಸರ ಭಕ್ತಿ. ಕೇಳಿ ಮಾಡುವುದು ಪಾರ್ಥನ ಭಕ್ತಿ. ನಿಷ್ಫಲವಾದ ಚಿಕಿತ್ಸೆ ತನಗೆ ಬೇಡವೆಂದು ಮುಂದಾಗಿಯೇ ಬರೆದಿಡುವುದನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮಾನ್ಯಮಾಡಿದೆ. ಆದುದರಿಂದ ಹಿರಿಯರು ಎಚ್ಚರವಾಗಿರುವಾಗಲೇ ಕೇಳಿರಿ: ಯಾವುದು ಬೇಕು, ಯಾವುದು ಬೇಡ, ಕೊನೆಗೆ ಎಲ್ಲಿರಬೇಕು, ಯಾರು ಬಳಿಯಿರಬೇಕು?

ಇನ್ನೊಂದು ಮಾತು. ರೋಗಿಯ ಬಳಿ ಹಗಲಿರುಳು ಕುಳಿತ ಮಗಳೋ ಸೊಸೆಯೋ ನಿದ್ದೆಗೆಟ್ಟಿರುತ್ತಾಳೆ. ಈ ದಸರೆಯಲ್ಲಿ ಅಂಥ ಮನೆಗೆ ಬನ್ನಿ ಕೊಡಲು ಹೋದವರು ಹೊಸ್ತಿಲಿನಿಂದಲೇ ಮರಳದಿರಿ. ಎರಡು ಗಂಟೆ ಹಾಸಿಗೆಯ ಪಕ್ಕದಲ್ಲಿ ಕುಳಿತು, ಆಕೆಯನ್ನು ಮಲಗಗೊಡಿರಿ. ದೇವಿಗೆ ಸಲ್ಲುವ ಪೂಜೆಗಳಲ್ಲಿ ಅದೂ ಒಂದು. ಜಗನ್ಮಾತೆಯು ಅಂಥ ಸೇವೆಗೆ ಬೇಕಾದ ಸ್ಥೈರ್ಯವನ್ನು ನಮಗೆಲ್ಲರಿಗೂ ಕರುಣಿಸಲಿ.